ಡೋಲು ಯಾರಿಗಾಗಿ, ಅಂಗಳ ಯಾರದು?



ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಯಾವುದಾದರೂ ಊರಲ್ಲಿ ಬಸ್ಸಿಳಿದು ಕೊರಗರ ಕಾಲೋನಿ ಎಲ್ಲಿ ಅಂತ ಕೇಳಿ ನೋಡಿ. ಹೆಚ್ಚಿನ ಕಡೆ ಕೈ ಊರಿನ ಹೊರಗೆ ತೋರಿಸುತ್ತದೆ. ಮೊದಲು ಅದಕ್ಕೆ ಕೊಪ್ಪ ಅನ್ನುತ್ತಿದ್ದರು. ಹೆಸರು ಬದಲಾಯಿತು, ದಿಕ್ಕು ಬದಲಾಗಲಿಲ್ಲ.

ಅಲ್ಲಿಯೂ ಬೆಳಗಾಗುತ್ತದೆ. ಒಬ್ಬರು ಪೇಟೆಯ ಬೀದಿ ಗುಡಿಸಲು ಹೊರಡುತ್ತಾರೆ. ಇನ್ನೊಬ್ಬರು ಕಾಡಿನಿಂದ ಬೀಳು ತಂದು ಬುಟ್ಟಿ, ಹೆಡಿಗೆ ಹೆಣೆಯಲು ಕೂರುತ್ತಾರೆ. ಪ್ಲಾಸ್ಟಿಕ್ ಬಂದ ಮೇಲೆ ಆ ಬುಟ್ಟಿಗೆ ಗಿರಾಕಿ ಕಡಿಮೆ. ಮಕ್ಕಳು ಚೀಲ ಹೆಗಲಿಗೇರಿಸಿ ಶಾಲೆಗೆ ಓಡುತ್ತಾರೆ. ಸಂಜೆ ಜಗಳ ಇದೆ, ನಗು ಇದೆ, ಸಾಲದ ಲೆಕ್ಕ ಇದೆ. ಸರಕಾರ ಇದಕ್ಕೆಲ್ಲ 'ವಿಶೇಷ ದುರ್ಬಲ ಬುಡಕಟ್ಟು' ಅಂತ ಒಂದು ಹೆಸರಿಟ್ಟು ಫೈಲು ಕಟ್ಟಿದೆ. ಆ ಫೈಲಿನಲ್ಲಿ ಆಸೆ ಎಂಬುದಕ್ಕೆ ಕಾಲಂ ಇಲ್ಲ.

ಆಸೆ ಇಲ್ಲವಾ? ಆಸೆ ಇಲ್ಲದಿದ್ದರೆ ನೀವು ಹಾಸ್ಟೆಲಿಗೆ ಬರುತ್ತಿರಲಿಲ್ಲ. "ನೀನ್ ಓದಿ ಎಂತ ಮಾಡೂದ್?" ಅಂತ ಕೇಳಿದವರ ಎದುರೇ ಅಮ್ಮ ನಿಮ್ಮ ಟ್ರಂಕು ಕಟ್ಟಿಕೊಟ್ಟಳಲ್ಲ, ಅದೇ ಆಸೆ.

ಅಜಲು ಎಂದರೇನೆಂದು ಕಿರಿಯರು ತಿಳಿದಿರಬೇಕು. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ಕಂಬಳದ ಗದ್ದೆಯಲ್ಲಿ ಕೋಣಕ್ಕಿಂತ ಮುಂಚೆ ಮನುಷ್ಯನನ್ನು ಓಡಿಸುವುದು. ಬಿಟ್ಟಿಯಾಗಿ ಡೋಲು ಬಡಿಸುವುದು. ಇದನ್ನು ನಿಷೇಧಿಸುವ ಕಾಯ್ದೆ ಬರಲು 2000ನೇ ಇಸವಿ ಬರಬೇಕಾಯಿತು. ಸ್ವಾತಂತ್ರ್ಯ ಬಂದು ಐವತ್ತಮೂರು ವರ್ಷ!

ಕಾಯ್ದೆ ಬಂತು, ಸರಿ. 2021ರ ಡಿಸೆಂಬರ್ 27ರ ರಾತ್ರಿ ಕೋಟತಟ್ಟಿನ ಕೊರಗ ಕಾಲೋನಿಯಲ್ಲಿ ಮೆಹಂದಿ ನಡೆಯುತ್ತಿತ್ತು. ಹಾಡು ಹಾಕಿದ್ದರು, ಕುಣಿಯುತ್ತಿದ್ದರು. ಸದ್ದು ಜಾಸ್ತಿ ಅಂತ ದೂರು ಹೋಯಿತು. ಪೊಲೀಸರು ಬಂದು ಲಾಠಿ ಬೀಸಿದರು. ಆಮೇಲೆ ಸಬ್ ಇನ್ಸ್‌ಪೆಕ್ಟರ್ ಅಮಾನತಾದರು, ಜೊತೆಗೆ ಪೆಟ್ಟು ತಿಂದವರ ಮೇಲೂ ಕೇಸು ಬಿತ್ತು. ಒಂದು ಮಾತು ಕೇಳುತ್ತೇವೆ. ಊರಿನ ಜಾತ್ರೆಗೆ, ಕಂಬಳಕ್ಕೆ ನಾವು ರಾತ್ರಿಯಿಡೀ ಡೋಲು ಬಡಿದಾಗ ಯಾರ ಕಿವಿಗೂ ಸದ್ದು ಜಾಸ್ತಿಯಾಗಲಿಲ್ಲ. ನಮ್ಮ ಅಂಗಳದಲ್ಲಿ, ನಮ್ಮ ಮದುವೆಗೆ ನಾವೇ ಕುಣಿದಾಗ ಮಾತ್ರ ಹೇಗೆ ಜಾಸ್ತಿಯಾಯಿತು? ನಮ್ಮ ದುಡಿಮೆ ಊರಿಗೆ ಬೇಕು, ನಮ್ಮ ಸಂತೋಷ ಬೇಡ.

ಇದು ಕರಾವಳಿಯ ಕಥೆ ಮಾತ್ರ ಅಲ್ಲ. ಅಮೆರಿಕದ ಷಿಕಾಗೊದಲ್ಲಿ ಕಪ್ಪು ಜನರಿಗೆ ಮನೆ ಮಾರಬಾರದು ಅಂತ ಮನೆಪತ್ರದಲ್ಲೇ ಬರೆದುಕೊಳ್ಳುತ್ತಿದ್ದರು. ಅಂಥ ಕರಾರನ್ನು ಕೋರ್ಟುಗಳು ಜಾರಿ ಮಾಡಕೂಡದು ಅಂತ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ದಕ್ಷಿಣದಿಂದ ಕೆಲಸ ಹುಡುಕಿ ಬಂದವರೆಲ್ಲ ಬ್ರಾಂಜ್‌ವಿಲ್ ಎಂಬ ಕೇರಿಯಲ್ಲಿ ತುಂಬಿದರು. ಒಂದು ಮನೆಯನ್ನು ಕೋಣೆ ಕೋಣೆಯಾಗಿ ಕಡಿದು, ಕೋಣೆಗೊಂದು ಸಂಸಾರ ತುಂಬಿ, ಎಲ್ಲರಿಗೂ ಸೇರಿ ಒಂದು ಕಕ್ಕಸು ಕೊಟ್ಟು ಬಾಡಿಗೆ ವಸೂಲಿ ಮಾಡಿದರು. ಅದೇ ಕೇರಿಯ ಗ್ವೆಂಡೊಲಿನ್ ಬ್ರೂಕ್ಸ್ ಎಂಬ ಹೆಣ್ಣುಮಗಳು ಆ ಬೀದಿಯ ದಿನನಿತ್ಯವನ್ನೇ ಕವಿತೆ ಮಾಡಿ 1945ರಲ್ಲಿ ಪುಸ್ತಕ ತಂದಳು. 1950ರಲ್ಲಿ ಪುಲಿಟ್ಜರ್ ಬಹುಮಾನ ಪಡೆದ ಮೊದಲ ಕಪ್ಪು ಲೇಖಕಿಯಾದಳು. ಅವಳು ತನ್ನ ಬೀದಿಯ ಹೆಸರನ್ನು ಮುಚ್ಚಿಡಲಿಲ್ಲ.

ನಮ್ಮಲ್ಲಿ ಕೆಲವರು ಊರು ಯಾವುದು ಅಂದರೆ 'ಕುಂದಾಪುರ' ಅಂದು ಸುಮ್ಮನಾಗುತ್ತಾರೆ. ಕಾಲೋನಿ ಹೆಸರು ಗಂಟಲಲ್ಲೇ ಉಳಿಯುತ್ತದೆ. ಅವರನ್ನು ಬೈಯುವುದಿಲ್ಲ. ಹೇಳಿದರೆ ಎದುರಿನವರ ಮುಖ ಹೇಗೆ ಬದಲಾಗುತ್ತದೆ ಅಂತ ನಮಗೂ ಗೊತ್ತು. ಆದರೆ ಒಬ್ಬ ನೌಕರಿ ಹಿಡಿದು ತಪ್ಪಿಸಿಕೊಂಡರೆ ಕಾಲೋನಿ ಅಲ್ಲಿಯೇ ಇರುತ್ತದೆ, ಬೀದಿ ಗುಡಿಸಲು ಅವನ ತಮ್ಮ ಹೋಗುತ್ತಾನೆ.

ಆಸೆಗೆ ಕಾಲೂರಲು ನೆಲ ಬೇಕು. 1993ರ ಆಗಸ್ಟ್ 18ರಂದು ಕೊರಗರು ಮಂಗಳೂರಿನಲ್ಲಿ ಭೂಮಿ ಕೇಳಿ ಬೀದಿಗಿಳಿದರು. ಅದರ ನೆನಪಿಗೇ ಭೂಮಿ ಹಬ್ಬ. ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಅಂತ ಮೊಹಮ್ಮದ್ ಪೀರ್ ವರದಿ ಹೇಳಿತು. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ತೆಗೆದಿಟ್ಟ ಡಿ.ಸಿ. ಮನ್ನಾ ಜಮೀನಿಗೆ ನಮ್ಮವರು ಇನ್ನೂ ಅರ್ಜಿ ಬರೆಯುತ್ತಲೇ ಇದ್ದಾರೆ.

ಈ ರಜೆಗೆ ಊರಿಗೆ ಹೋಗುವವರು ಮೂರು ಕೆಲಸ ಮಾಡಿ. ಅಜಲು ಕಾಯ್ದೆಯನ್ನು ಕಾಲೋನಿಯಲ್ಲಿ ಗಟ್ಟಿಯಾಗಿ ಓದಿ. ಯಾರ ಮನೆಗೆ ಹಕ್ಕುಪತ್ರ ಇಲ್ಲವೋ ಪಟ್ಟಿ ಮಾಡಿ, ಅರ್ಜಿ ಬರೆದುಕೊಡಿ. ಅಜ್ಜಿಯ ಬಾಯಲ್ಲಿರುವ ಕೊರಗ ಭಾಷೆಯ ಮಾತುಗಳನ್ನು ನೋಟ್‌ಬುಕ್ಕಿಗೆ ಇಳಿಸಿ.

ಮತ್ತೆ ನಮ್ಮ ಮದುವೆಗಳಲ್ಲಿ ಡೋಲು ಬಡಿಯೋಣ, ಕುಣಿಯೋಣ. ಅಂಗಳ ನಮ್ಮದು.