ಸಿಟ್ಟು ಎರಡನೇ ಹಂತವಂತೆ!

ಮೊನ್ನೆ ಗೆಳತಿಯೊಬ್ಬಳು ಫೋನಿನಲ್ಲಿ ಕೇಳಿದಳು, "ನಾನೇನು ಎರಡನೇ ಕ್ಲಾಸಲ್ಲೇ ಫೇಲಾಗಿ ಕೂತಿದೀನಾ?" ಅಪ್ಪ ತೀರಿಕೊಂಡು ಎಂಟು ತಿಂಗಳಾದರೂ ಅವಳ ಸಿಟ್ಟು ಇಳಿದಿಲ್ಲ. ಇದು ದುಃಖದ ಎರಡನೇ ಹಂತ, ಇನ್ನೂ ಮೂರು ದಾಟಬೇಕು ಅಂದರಂತೆ ಕೌನ್ಸೆಲರ್.

ಈ ಐದು ಹಂತಗಳನ್ನು ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಬರೆದದ್ದು, ಸಾವಿನ ಹತ್ತಿರವಿದ್ದ ರೋಗಿಗಳ ಜತೆ ಮಾತಾಡಿ. ಎಲ್ಲರೂ ಸಾಲಾಗಿ ಐದನ್ನೂ ದಾಟಬೇಕಂತಿಲ್ಲ ಎಂದು 2005ರ ಪುಸ್ತಕದಲ್ಲಿ ಅವರೇ ಸ್ಪಷ್ಟಪಡಿಸಿದರು. ಆದರೂ ಕೆಲವರಿಗೆ ಅದಿನ್ನೂ ಸಿಲಬಸ್ಸು!

ಹಂತ ಎಣಿಸೋ ಮೊದಲು "ಸಿಟ್ಟು ಯಾರ ಮೇಲೆ?" ಅಂತ ಕೇಳಬಾರದಿತ್ತೇ? ನಾನು ಕೇಳಿದೆ.

ಅಪ್ಪನಿಗೆ ಕ್ಯಾನ್ಸರ್ ಅನ್ನೋದು ಮನೇಲಿ ಎಲ್ಲರಿಗೂ ಗೊತ್ತಿತ್ತು, ಅಪ್ಪನೊಬ್ಬರನ್ನು ಬಿಟ್ಟು. ಅವರಿಗೆ ಅಲ್ಸರ್ ಅಂದಿದ್ದರು. (ನಮ್ಮ ಮನೆಗಳಲ್ಲಿ ಇದೇನು ಹೊಸದಲ್ಲ ಬಿಡಿ.) ನನ್ನ ಪ್ರಕಾರ ಕೌನ್ಸೆಲರ್ ಬೇಕಿದ್ದದ್ದು ಆಗ. ಹೇಗೆ ಹೇಳೋದು, ಎಷ್ಟು ಹೇಳೋದು, ಅವರಿಗೆ ಏನು ಕೇಳೋದಿದೆ ಅಂತ ಆ ಮನೆಯವರ ಜತೆ ಕೂತು ಮಾತಾಡೋಕೆ.

ಸಾಯೋ ಹಿಂದಿನ ವಾರವೂ ಅವರು ತೋಟಕ್ಕೆ ಹೊಸ ಪಂಪ್‌ಸೆಟ್ ಹಾಕಿಸೋ ಮಾತಾಡ್ತಿದ್ದರಂತೆ. "ನಾನು ಪಕ್ಕದಲ್ಲೇ ಕೂತು ಹೂಂ ಅಪ್ಪಾ, ಹೂಂ ಅಪ್ಪಾ ಅಂತಿದ್ದೆ ಕಣೋ" ಅಂದಳು. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಫೋನೂ ಇಡಲಿಲ್ಲ.