ಪಟ್ಟು ನೋಡಿ, ಮುಖವನ್ನಲ್ಲ

2024ರ ಆಗಸ್ಟ್ 7ರ ಬೆಳಿಗ್ಗೆ. ವಿನೋಬನಗರದ ಒಂದು ಟೀ ಅಂಗಡಿ ಮುಂದೆ ನಾವು ನಾಲ್ಕೈದು ಜನ ಕೂತಿದ್ದೆವು. ಹಿಂದಿನ ದಿನ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ ಮೂರು ಕುಸ್ತಿ ಗೆದ್ದು ಫೈನಲ್ಲಿಗೆ ಬಂದಿದ್ದರು. ಮೊದಲ ಕುಸ್ತಿಯಲ್ಲೇ ಎದುರಿಗಿದ್ದವರು ಜಪಾನಿನ ಯುಯಿ ಸುಸಾಕಿ. ಅಲ್ಲಿಯವರೆಗೆ ಆಡಿದ 82 ಅಂತಾರಾಷ್ಟ್ರೀಯ ಕುಸ್ತಿಗಳಲ್ಲಿ ಒಂದನ್ನೂ ಸೋಲದವರು. 0-2ರಿಂದ ಹಿಂದಿದ್ದ ವಿನೇಶ್ ಕೊನೆಯ ಕೆಲವೇ ಸೆಕೆಂಡಿನಲ್ಲಿ ಕೆಡವಿ 3-2ರಲ್ಲಿ ಗೆದ್ದರು. ನಮ್ಮಲ್ಲೊಬ್ಬ ಟೀ ಹೀರುತ್ತಾ ಅಂದ: “ಕುಸ್ತಿ ಏನೋ ಚಲೋ ಐತಿ. ಆದ್ರೆ ಹೆಣ್ಣು ಅಂದ್ಮೇಲೆ ಒಂದೀಟು ಲಕ್ಷಣ ಬ್ಯಾಡೇನ್ಲೇ?” ಎಲ್ಲರೂ ನಕ್ಕೆವು. ಈ ಬರಹ ಆ ನಗುವಿನ ಮೇಲೆ.

ಮಧ್ಯಾಹ್ನ ಸುದ್ದಿ ಬಂತು. ತೂಕ 50 ಕೆ.ಜಿ.ಗಿಂತ 100 ಗ್ರಾಂ ಜಾಸ್ತಿ, ವಿನೇಶ್ ಅನರ್ಹ. ರಾತ್ರಿಯೆಲ್ಲ ಬೆವರಿಳಿಸಿ ಕಡೆಗೆ ತಲೆಗೂದಲನ್ನೂ ಕತ್ತರಿಸಿದ್ದರು. ಯಾವ ಕೂದಲನ್ನು ನಾವು ಹೆಣ್ಣಿನ ಲಕ್ಷಣ ಅಂತ ಎಣಿಸುತ್ತೇವೋ ಅದು ಆಕೆಗೆ ತಕ್ಕಡಿಯ ಮೇಲಿನ ಭಾರ ಅಷ್ಟೇ. ಟೀ ಅಂಗಡಿಯ ಲಕ್ಷಣದ ಮಾತು ಆಗ ನಮಗೇ ಗಂಟಲಲ್ಲಿ ಸಿಕ್ಕಿಕೊಂಡಿತು.

ಈ ಕಣ್ಣು ಇವತ್ತಿನದಲ್ಲ. 1954ರಲ್ಲಿ ಹಮೀದಾ ಬಾನು ಎಂಬ ಹೆಣ್ಣುಮಗಳು ಗಂಡು ಪೈಲ್ವಾನರಿಗೇ ಸವಾಲು ಹಾಕಿದಳು: ನನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆ. ಪಟಿಯಾಲದವನೊಬ್ಬ ಬಿದ್ದ. ಕಲ್ಕತ್ತೆಯವನೊಬ್ಬ ಬಿದ್ದ. ಬರೋಡಾದಲ್ಲಿ ಬಾಬಾ ಪೈಲ್ವಾನ್ 1 ನಿಮಿಷ 34 ಸೆಕೆಂಡಿನಲ್ಲಿ ಸೋತ. ಇಷ್ಟಾದರೂ ಪತ್ರಿಕೆಗಳು ಏನು ಬರೆದವು? 108 ಕೆ.ಜಿ. ತೂಕ, ಐದಡಿ ಮೂರಿಂಚು ಎತ್ತರ, ದಿನಕ್ಕೆ ಐದೂವರೆ ಲೀಟರಿಗೂ ಮೇಲೆ ಹಾಲು! ಸಂತೆಯಲ್ಲಿ ಎಮ್ಮೆ ವ್ಯಾಪಾರ ಮಾಡುವವರ ಲೆಕ್ಕ. ಯಾವ ಡಾವಿನಲ್ಲಿ ಕೆಡವಿದಳು ಅನ್ನೋದು ಯಾರಿಗೂ ಬೇಕಾಗಲಿಲ್ಲ.

ಬಾಕ್ಸಿಂಗಿಗೆ ಬನ್ನಿ. ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳಿಗೆ ಬಾಕ್ಸಿಂಗ್ ಬಾಗಿಲು ತೆರೆದದ್ದೇ 2012ರಲ್ಲಿ. ಅದಕ್ಕೂ ಮೊದಲೇ ಆ ಆಟದ ಅಂತಾರಾಷ್ಟ್ರೀಯ ಸಂಸ್ಥೆಯ ದೊಡ್ಡ ಮನುಷ್ಯರು, ಹುಡುಗಿಯರು ಚಡ್ಡಿ ಬಿಟ್ಟು ಲಂಗ ತೊಡಲಿ ಅಂದರು. ಯಾಕೆ? ಟಿ.ವಿ. ನೋಡುವವರಿಗೆ ಇವರು ಹೆಣ್ಣು ಅಂತ ಗುರುತು ಹತ್ತಬೇಕಂತೆ! ಗದ್ದಲವಾಯಿತು. ಕಡೆಗೆ, ಬೇಕಾದವರು ತೊಡಿ ಅಂತ ಸುಮ್ಮನಾದರು. ಆ ವರ್ಷ ಲಂಡನ್ನಿನಿಂದ ಮಣಿಪುರದ ಮೇರಿ ಕೋಮ್ ಕಂಚು ತಂದರು. ಅವಳಿ ಮಕ್ಕಳ ತಾಯಿ, ತನಗಿಂತ ಮೈಕಟ್ಟಿನಲ್ಲಿ ದೊಡ್ಡವರ ಎದುರು 51 ಕೆ.ಜಿ.ಯಲ್ಲಿ ನಿಂತು. 2014ರಲ್ಲಿ ಆಕೆಯ ಮೇಲೆ ಹಿಂದಿ ಸಿನಿಮಾ ಬಂತು. ಮೇರಿಯ ಕಥೆ ಬೇಕಾಯಿತು, ಗುದ್ದು ಬೇಕಾಯಿತು. ಆದರೆ ಆ ಸೀಮೆಯ ಮುಖ ಬೇಡವಾಯಿತು. ಪ್ರಿಯಾಂಕಾ ಚೋಪ್ರಾ ಬಂದರು. ಅವರ ಅಭಿನಯದ ಮೇಲೆ ನಮ್ಮ ತಕರಾರಿಲ್ಲ. ಈ ದೇಶ ಯಾವ ಮುಖವನ್ನು ದುಡ್ಡು ಕೊಟ್ಟು ನೋಡುತ್ತದೆ, ಅದು ನಮ್ಮ ಪ್ರಶ್ನೆ.

ಈಗ ನಮ್ಮ ಸೀಮೆಯ ಮಾತು. 1997ರವರೆಗೆ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯವೇ. ಆ ದುರ್ಗದ ಓಬವ್ವ ನಮ್ಮ ಕೇರಿಯ ಹೆಣ್ಣು, ಕೋಟೆ ಕಾಯುವವನ ಹೆಂಡತಿ. ಅವಳ ಮುಖ ನಮ್ಮಲ್ಲಿ ಯಾರೂ ಕಂಡಿಲ್ಲ. ಕ್ಯಾಲೆಂಡರಿನವರು ಬರೆದದ್ದು, 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿಯವರು ತೋರಿಸಿದ್ದು, ಅಷ್ಟೇ ನಮ್ಮ ಕಣ್ಣಲ್ಲಿರುವುದು. ಆದರೆ ಅವಳ ಪಟ್ಟು ಎಲ್ಲರಿಗೂ ಗೊತ್ತು. ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ ನುಸುಳಬಲ್ಲ, ಅದೂ ತಲೆ ತಗ್ಗಿಸಿ. ತಲೆ ಹೊರಗೆ ಬಂದ ಕ್ಷಣಕ್ಕೆ ಒನಕೆ. ಹೆಣ ಪಕ್ಕಕ್ಕೆಳೆದು ಮತ್ತೆ ಸಿದ್ಧ. ಜಾಗ ನೋಡಿ, ಹೊತ್ತು ನೋಡಿ, ಕೈಲಿದ್ದುದನ್ನೇ ಆಯುಧ ಮಾಡಿಕೊಳ್ಳೋದು. ವಿದ್ಯೆ ಅಂದರೆ ಇದೇ ಅಲ್ಲವೇ? ಜನ ನೆನಪಿಟ್ಟುಕೊಂಡದ್ದು ಅವಳ ಪೆಟ್ಟನ್ನು.

ಉತ್ತರ ಕನ್ನಡದ ಹಳಿಯಾಳದ ಕಡೆ ಸಿದ್ದಿ ಹುಡುಗಿಯರು ಕುಸ್ತಿ ಮ್ಯಾಟಿಗೆ ಇಳಿದು ಪದಕ ತಂದಿದ್ದಾರೆ. ಕಪ್ಪು ಮೈ, ಗುಂಗುರು ಕೂದಲು ನೋಡಿ ‘ಯಾವ ದೇಶದವರು’ ಅಂತ ಕೇಳುವ ನಾಡು ಇದು. ಅಲ್ಲೇ ಹುಟ್ಟಿ ಕನ್ನಡ, ಕೊಂಕಣಿ ಆಡುವವರನ್ನು ಕೇಳುವ ಮಾತು! ಮ್ಯಾಟಿನ ಮೇಲೆ ಆ ಪ್ರಶ್ನೆ ನಡೆಯುವುದಿಲ್ಲ. ಕಾಲು ಹಿಡಿದು ಕೆಡವಿದರೆ ಎರಡು ಅಂಕ. ಯಾರ ಮಗಳು, ಯಾವ ಬಣ್ಣ, ಮೂಗು ನೆಟ್ಟಗಿದೆಯೋ ಸೊಟ್ಟಗಿದೆಯೋ, ಎಲ್ಲರಿಗೂ ಅಷ್ಟೇ ಅಂಕ. ಹುಟ್ಟಿದಂದಿನಿಂದ ಬೇರೆಯವರ ಅಳತೆಗೋಲಿಗೆ ಮೈಕೊಟ್ಟ ಹುಡುಗಿಗೆ ಆ ಎರಡು ಅಂಕದ ಬೆಲೆ ಏನು ಅಂತ ನಮಗಿಂತ ಚೆನ್ನಾಗಿ ಯಾರು ಬಲ್ಲರು?

“ಗಂಡು ಪೈಲ್ವಾನನ ಮೈಯನ್ನೂ ಜನ ನೋಡ್ತಾರಲ್ಲ” ಅಂತ ಕೇಳುವವರಿದ್ದಾರೆ. ನೋಡ್ತಾರೆ. ಅವನ ಭುಜ ನೋಡಿ, ಈ ಭುಜ ಏನು ಮಾಡೀತು ಅಂತ ಲೆಕ್ಕ ಹಾಕುತ್ತಾರೆ. ಹೆಣ್ಣಿನ ಭುಜ ನೋಡಿ, ಇವಳನ್ನು ಯಾರು ಕಟ್ಟಿಕೊಂಡಾರು ಅನ್ನುತ್ತಾರೆ. ವ್ಯತ್ಯಾಸ ಇಲ್ಲಿದೆ.

ಈ ಕಣ್ಣು ಬರೀ ಮಾತಿಗೆ ನಿಲ್ಲುವುದಿಲ್ಲ. ಆಟಗಾರ್ತಿಯನ್ನು ಮೊದಲು ಮೈ ಅಂತ ನೋಡುವ ಕಡೆ ಅವಳ ದೂರಿಗೂ ಕಿವಿ ಇರುವುದಿಲ್ಲ. 2023ರಲ್ಲಿ ಲೈಂಗಿಕ ಕಿರುಕುಳದ ದೂರು ಹೊತ್ತು ಕುಸ್ತಿಯ ಹೆಣ್ಣುಮಕ್ಕಳು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕೂತರು. ಮೇ 28ರಂದು ಪೊಲೀಸರು ಅವರನ್ನು ಬೀದಿಯಲ್ಲಿ ಎಳೆದಾಡಿದರು. 2016ರಲ್ಲಿ ರಿಯೋದಲ್ಲಿ 0-5ರಿಂದ ಎದ್ದು 8-5ರಲ್ಲಿ ಕಂಚು ಗೆದ್ದಿದ್ದ ಸಾಕ್ಷಿ ಮಲಿಕ್ ಆ ಡಿಸೆಂಬರಿನಲ್ಲಿ ಬೂಟು ಬಿಚ್ಚಿ ಮೇಜಿನ ಮೇಲಿಟ್ಟು ಕುಸ್ತಿ ಬಿಟ್ಟರು. ಟೀ ಅಂಗಡಿಯ ನಮ್ಮ ನಗು ಆ ಬೂಟಿಗಿಂತ ಬಹಳ ದೂರದಲ್ಲೇನೂ ಇಲ್ಲ.

ಅನೇಕ ಗರಡಿಗಳಲ್ಲಿ ಹೆಣ್ಣು ಹೊಸಿಲು ದಾಟಬಾರದು, ಮಣ್ಣು ಮುಟ್ಟಬಾರದು ಎಂಬ ಕಟ್ಟಳೆ ನಡೆದು ಬಂದಿದೆ. ದಾಟಬಾರದು, ಮುಟ್ಟಬಾರದು! ಈ ಮಾತು ನಮಗೆ ಹೊಸದೇ? ನಮ್ಮಪ್ಪಂದಿರಿಗೆ ಹೇಳಿದ್ದನ್ನೇ ನಮ್ಮಕ್ಕತಂಗಿಯರಿಗೆ ಹೇಳಿದಾಗ ಸುಮ್ಮನಿದ್ದರೆ, ನಮ್ಮ ಘೋಷಣೆಗಳಿಗೆ ಯಾವ ಬೆಲೆ?

ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ವಸತಿ ಶಾಲೆಗಳ ಹುಡುಗಿಯರಿಗೆ ಓಬವ್ವನ ಹೆಸರಲ್ಲೇ ಆತ್ಮರಕ್ಷಣೆಯ ತರಬೇತಿ ತಂದಿದ್ದಾರೆ. ಒಳ್ಳೆಯದು. ಆದರೆ ಅದು ನವೆಂಬರ್ 11ರ ಓಬವ್ವ ಜಯಂತಿಯ ಫೋಟೋಕ್ಕೆ ಮುಗಿಯಬಾರದು. ವರ್ಷವಿಡೀ ಕಲಿಸುವವರು ಬೇಕು, ಮ್ಯಾಟ್ ಬೇಕು, ಹೊಟ್ಟೆ ತುಂಬ ಊಟ ಬೇಕು. ಬೇಳೆ ಕಾಣದ ಸಾರುಂಡು ಯಾರೂ ಪಟ್ಟು ಹಾಕಲಾರರು.

ಹಾಸ್ಟೆಲಿನ ಗೆಳೆಯರೇ, ನಾವು ನಿಮ್ಮಿಂದ ಕೇಳುವುದು ದೊಡ್ಡದಲ್ಲ. ದುಗ್ಗಮ್ಮನ ಜಾತ್ರೆ ಕುಸ್ತಿಯಲ್ಲಿ ಯಾವ ಪೈಲ್ವಾನ ಯಾವ ಡಾವು ಹಾಕಿದ ಅಂತ ತಿಂಗಳಗಟ್ಟಲೆ ವಾದ ಮಾಡುತ್ತೇವಲ್ಲ, ಹುಡುಗಿಯರ ಆಟದ ಮೇಲೂ ಹಾಗೇ ವಾದ ಮಾಡೋಣ. ಅಂಕದ ಲೆಕ್ಕ ಕಲಿಯೋಣ. ಸೋತರೆ ಯಾಕೆ ಸೋತಳು ಅಂತ ಕೇಳೋಣ. ಇನ್ನೊಂದು ಸಲ ಯಾರಾದರೂ “ಲಕ್ಷಣ ಬ್ಯಾಡೇನ್ಲೇ” ಅಂದರೆ ನಗಬೇಡಿ. “ಅವಳು ಹಾಕಿದ ಪಟ್ಟು ಯಾವುದು, ಹೇಳಲೇ ಮೊದ್ಲು” ಅನ್ನಿ.