ವಾಪಸ್ ಬಂದ ಕಥೆ ಯಾರದು ಸ್ವಾಮಿ?

ಹೋದ ತಿಂಗಳು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಕೈಯಲ್ಲಿ ನಮ್ಮದೇ ಪತ್ರಿಕೆ. (ಸ್ವಂತ ಕಾಲಂ ತಾನೇ ಓದಿಕೊಳ್ಳೋ ಚಟ ಇನ್ನೂ ಹೋಗಿಲ್ಲ, ಏನು ಮಾಡ್ಲಿ!) ಪಕ್ಕದಲ್ಲಿದ್ದ ಹುಡುಗ ಎರಡು ಸಲ ಪತ್ರಿಕೆ ನೋಡಿದ, ಮೂರನೇ ಸಲ ನನ್ನ ಮುಖ ನೋಡಿದ.

"ಸಾರ್, ನೀವೇ ಅಲ್ವಾ ಇದನ್ನ ಬರಿಯೋರು?"

ಹೌದಪ್ಪ ಅಂದೆ. ಎದೆ ಸ್ವಲ್ಪ ಉಬ್ಬಿದ್ದು ಸುಳ್ಳಲ್ಲ. ಮುಂದೆ ಅವನು ಯಾವುದಾದರೂ ನಟನ ಹೊಸ ಚಿತ್ರ ಯಾವಾಗ ಬಿಡುಗಡೆ ಅಂತ ಕೇಳ್ತಾನೆ ಅಂದುಕೊಂಡೆ. ಕೇಳಲಿಲ್ಲ. ಜೇಬಿನಿಂದ ಮಡಿಸಿದ ಎರಡು ಹಾಳೆ ತೆಗೆದ. "ಸಾರ್, ಇದಕ್ಕೆ ಸೈನ್ ಹಾಕಬಹುದಾ, ಒಂಚೂರು ನೋಡಿ" ಅಂದ.

ಹುಡುಗನ ಊರು ತೆರಕಣಾಂಬಿ ಹತ್ತಿರದ ಒಂದು ಹಳ್ಳಿ. ಗುಂಡ್ಲುಪೇಟೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ರಾತ್ರಿ ಹೊತ್ತು ಕಥೆ ಬರೀತಾನೆ. ಬಂಡೀಪುರ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡೋದಿಲ್ಲವಲ್ಲ, ಆ ಗೇಟಿನ ಮುಂದೆ ಬೆಳಗಾಗೋದನ್ನು ಕಾಯುವ ಒಬ್ಬ ಕ್ಲೀನರ್ ಹುಡುಗನ ಕಥೆ ಅದು. ನಾಲ್ಕು ಪತ್ರಿಕೆಗೆ ಕಳಿಸಿದ್ದಾನೆ. ಒಂದರಿಂದ "ಆಯ್ಕೆಯಾಗಿಲ್ಲ" ಅಂತ ಎರಡು ಪದ. ಉಳಿದ ಮೂರರಿಂದ ಅದೂ ಇಲ್ಲ. ಅಷ್ಟರಲ್ಲಿ ಬೆಂಗಳೂರಿನಿಂದ ಯಾರೋ ಫೋನ್ ಮಾಡಿ, ಕಥೆ ಸಿನಿಮಾಗೆ ಬೇಕು, 5,000 ರೂಪಾಯಿ ಕೊಡ್ತೀವಿ, ಸಹಿ ಹಾಕಿ ಕಳಿಸು ಅಂದಿದ್ದಾರೆ.

ಹಾಳೆ ಓದಿದೆ. ಇಂಗ್ಲಿಷು. ಕಥೆಯ ಸಮಸ್ತ ಹಕ್ಕು, ಶಾಶ್ವತವಾಗಿ, ಪ್ರಪಂಚದಾದ್ಯಂತ, ಎಲ್ಲ ಭಾಷೆಯಲ್ಲಿ, ಎಲ್ಲ ಮಾಧ್ಯಮದಲ್ಲಿ! ಐದು ಸಾವಿರಕ್ಕೆ!

"ಯಾಕಪ್ಪ ಇಷ್ಟು ಅವಸರ?" ಅಂದೆ.

"ಹೆಂಗೂ ಯಾರ್ಗೂ ಬ್ಯಾಡ್ವಾದ ಕಥೆ ಅಲ್ವಾ ಸಾರ್? ಹೋದ್ರೆ ಹೋಗ್ಲಿ" ಅಂದ.

ಓದುಗ ಮಿತ್ರರೇ, ಈ ಮಾತು ಕೇಳಿ ನನಗೆ ನಿಂತಲ್ಲೇ ಬೆವರು ಬಂತು. ಯಾಕೆಂದರೆ ಇದೇ ಮಾತನ್ನು ಒಬ್ಬ ಹುಡುಗ 1983ರಲ್ಲಿ ಚಾಮರಾಜನಗರದ ಒಂದು ಲಾಡ್ಜಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದ. ಆ ಹುಡುಗ ನಾನೇ.

ಆಗಿನ ಪದ್ಧತಿ ಗೊತ್ತಿಲ್ಲದ ತಮ್ಮಂದಿರಿಗೆ ಸ್ವಲ್ಪ ಹೇಳಿಬಿಡ್ತೀನಿ. ಹಾಳೆಯ ಒಂದೇ ಮಗ್ಗುಲಲ್ಲಿ, ಎಡಕ್ಕೆ ಅಂಚು ಬಿಟ್ಟು, ಮುದ್ದಾಗಿ ಬರೆಯಬೇಕು. ಕಥೆಯ ಜೊತೆಗೆ ನಮ್ಮದೇ ವಿಳಾಸ ಬರೆದು ಸ್ಟಾಂಪು ಹಚ್ಚಿದ ಇನ್ನೊಂದು ಲಕೋಟೆ ಇಡಬೇಕು. ಅಸ್ವೀಕೃತವಾದರೆ ಆ ಲಕೋಟೆಯಲ್ಲೇ ಅದು ಮನೆಗೆ ಬರುತ್ತೆ. ಅಂದರೆ ನಮ್ಮ ಸೋಲಿಗೆ ನಾವೇ ಮೊದಲೇ ಬಸ್ ಚಾರ್ಜ್ ಕೊಟ್ಟು ಕಳಿಸೋದು! ಒಳಗೊಂದು ಅಚ್ಚಾದ ಚೀಟಿ ಇರೋದು, ವಿಷಾದದಿಂದ ಹಿಂತಿರುಗಿಸಿದ್ದೇವೆ ಅಂತ. ಸಂಪಾದಕ ಮಹಾಶಯರಿಗೆ ದಿನಾ ಅದೆಷ್ಟು ವಿಷಾದ ಆಗ್ತಿತ್ತೋ, ಪಾಪ!

ನಮ್ಮ ಬೀದಿಯ ಪೋಸ್ಟ್‌ಮ್ಯಾನ್‌ಗೆ ಇದು ಒಗಟು. ಮೇಲಿನ ವಿಳಾಸ ನನ್ನ ಕೈಬರಹ, ಒಳಗಿರೋದೂ ನನ್ನ ಕೈಬರಹ. ಒಂದು ದಿನ ತಡೆಯಲಾರದೆ ನಮ್ಮಪ್ಪನ ಎದುರೇ ಕೇಳಿಬಿಟ್ಟ: "ಏನ್ ಮಗ, ನಿಂಗೆ ನೀನೇ ಕಾಗ್ದ ಬರ್ಕತೀಯಲ್ಲ, ಮಾತಾಡ್ಸೋರು ಯಾರೂ ಇಲ್ವಾ?"

ಅಪ್ಪ ನಕ್ಕುಬಿಟ್ಟರು. ಅಪ್ಪ ಟೂರಿಂಗ್ ಟಾಕೀಸಿನಲ್ಲಿ ಗೇಟ್ ಕೀಪರ್. ಟೆಂಟು ಎಲ್ಲಿ ಹೋದರೆ ಅವರೂ ಅಲ್ಲಿ. ನೆಲದ ಟಿಕೆಟ್ಟು, ಬೆಂಚಿನ ಟಿಕೆಟ್ಟು, ಕುರ್ಚಿ ಟಿಕೆಟ್ಟು ಹರಿದು ಹರಿದು ಹೆಬ್ಬೆರಳು ಗಟ್ಟಿಯಾಗಿತ್ತು. ಸಾವಿರ ಚಿತ್ರ ಬಾಗಿಲಲ್ಲೇ ನಿಂತು ಅರ್ಧರ್ಧ ನೋಡಿದವರು. ಕ್ಲೈಮ್ಯಾಕ್ಸ್ ಹೊತ್ತಿಗೆ ಲೆಕ್ಕ ಕೊಡೋಕೆ ಹೋಗಬೇಕಲ್ಲ! ನನ್ನ ಕಥೆ ಅವರದೇ. ಕೊನೆ ನೋಡದ ಗೇಟ್ ಕೀಪರ್, ತಾನೇ ಒಂದೊಂದು ಚಿತ್ರಕ್ಕೂ ಕೊನೆ ಕಟ್ಟಿ ಮನೇಲಿ ಮಕ್ಕಳಿಗೆ ಹೇಳೋದು. ಅವರು ಕಟ್ಟಿದ ಕೊನೆಗಳಲ್ಲಿ ಮೂರು ನಾಲ್ಕನ್ನು ಅವರ ಮಾತಿನಲ್ಲೇ ಹಾಕಿದ್ದೆ. ಬರೆದದ್ದು ಒಂದೇ ಪ್ರತಿ. ಕಾರ್ಬನ್ ಕಾಗದ ಇಡೋಕೆ ಸೋಮಾರಿತನ.

ಐದು ಸಲ ವಾಪಸ್ ಬಂತು. ಐದನೇ ಸಲ ಲಕೋಟೆ ಬಂದ ವಾರವೇ ನಮ್ಮ ಕಡೆ ಶೂಟಿಂಗ್‌ಗೆ ಅಂತ ಒಂದು ತಂಡ ಬಂದಿತ್ತು. ಅದರಲ್ಲಿ ಒಬ್ಬ ಮಹಾನುಭಾವ, ಹೆಸರು ಬೇಡ, ಕಥೆ ಕೇಳಿ "ಚೆನ್ನಾಗಿದೆ ಕಣಯ್ಯ, ಕೊಡು" ಅಂದ. ಐವತ್ತು ರೂಪಾಯಿ ಕೊಟ್ಟ. ಖಾಲಿ ಹಾಳೆಗೆ ರೆವಿನ್ಯೂ ಸ್ಟಾಂಪು ಅಂಟಿಸಿ ಸಹಿ ಹಾಕಿಸಿಕೊಂಡ. ಯಾರಿಗೂ ಬೇಡವಾದದ್ದು, ಹೋದರೆ ಹೋಗಲಿ ಅಂದೆ. ಇದ್ದ ಒಂದೇ ಪ್ರತಿಯನ್ನೂ ಕೊಟ್ಟೆ. ಆ ಚಿತ್ರ ಬರಲಿಲ್ಲ. ಆ ಮನುಷ್ಯನೂ ಮತ್ತೆ ಸಿಗಲಿಲ್ಲ. ಅಪ್ಪ 1991ರಲ್ಲಿ ಹೋದರು. ಆಮೇಲೆ ಎಷ್ಟು ಸಲ ಕೂತು ಬರೆಯೋಕೆ ನೋಡಿದೆ... ಕಥೆಯ ಅಸ್ಥಿಪಂಜರ ಬರುತ್ತೆ, ಅಪ್ಪನ ಮಾತು ಬರೋದಿಲ್ಲ. ಅವರು ಕಟ್ಟಿದ ಕೊನೆಗಳಲ್ಲಿ ಒಂದೂ ಪೂರ್ತಿ ನೆನಪಿಲ್ಲ.

ಪತ್ರಿಕೆಯವರು ನನ್ನ ಕಥೆ ಕಳೆಯಲಿಲ್ಲ ಸ್ವಾಮಿ. ಐದು ಸಲವೂ ಜೋಪಾನವಾಗಿ ನನಗೇ ವಾಪಸ್ ಕಳಿಸಿದ್ದರು. ಕಳೆದದ್ದು ನಾನು!

ಬಸ್ಸು ಬಂತು. ಹುಡುಗನೂ ಹತ್ತಿದ. ತೆರಕಣಾಂಬಿ ಬರೋದರೊಳಗೆ ಹೇಳಿ ಮುಗಿಸಬೇಕು, ಬಸ್ಸಿನಲ್ಲಿ ಅರಿಶಿನದ ಮೂಟೆ, ಕಂಡಕ್ಟರ್ ಕೂಗಾಟ... ಕಿವಿ ಹತ್ತಿರ ಬಾಯಿಟ್ಟು ಶುರು ಮಾಡಿದೆ.

ನೋಡಪ್ಪ, ಕಥೆ ಬರೆದ ಕ್ಷಣದಿಂದಲೇ ಅದು ನಿನ್ನದು. 1957ರ ಕಾಪಿರೈಟ್ ಕಾಯ್ದೆ ಹಾಗೆ ಹೇಳುತ್ತೆ. ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. ನಿನ್ನ ಜೀವಮಾನ ಪೂರ್ತಿ, ಆಮೇಲೆ 60 ವರ್ಷ ನಿನ್ನ ಮಕ್ಕಳು ಮೊಮ್ಮಕ್ಕಳದು. ಪತ್ರಿಕೆಯವರು ಸಂಭಾವನೆ ಕೊಟ್ಟು ಅಚ್ಚು ಹಾಕಿದರೂ, ನೀನು ಹಕ್ಕನ್ನೇ ಬರೆದುಕೊಡದಿದ್ದರೆ ಕಥೆ ನಿನ್ನದೇ. ಅವರು ಬೇಡ ಅಂದರಂತೂ ಕೇಳೋದೇ ಬೇಡ, ಒಂದು ಅಕ್ಷರವೂ ನಿನ್ನ ಕೈ ಬಿಟ್ಟು ಹೋಗಿಲ್ಲ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿ ನಿನ್ನ ಸಹಿ ಬೇಕು. ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ದುಡ್ಡು, ಎಲ್ಲ ಬರೆದಿರಬೇಕು. ಕಾಲ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ತಗೊಂಡವನು ಒಂದು ವರ್ಷದೊಳಗೆ ಆ ಹಕ್ಕು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ಬಿದ್ದುಹೋಗುತ್ತೆ. ಬರೆಯೋರಿಗೆ ಕಾಯ್ದೆ ಇಷ್ಟು ಒಲವು ತೋರಿಸಿದೆ. ಆದರೆ ನಿನ್ನ ಕೈಯಲ್ಲಿರೋ ಹಾಳೆಯಲ್ಲಿ "ಶಾಶ್ವತ", "ಪ್ರಪಂಚದಾದ್ಯಂತ" ಅಂತ ಮೊದಲೇ ಬರೆದುಬಿಟ್ಟಿದ್ದಾರೆ. ಸಹಿ ಹಾಕಿದೆಯೋ, ಕಾಯ್ದೆಯ ಆ ಒಲವೂ ಹೋಯ್ತು.

"ಹಂಗಾದ್ರೆ ಬಾಯಲ್ಲಿ ಹೇಳಿ ಬಂದ್ರೆ ಸಾಕಾ ಸಾರ್? ಸೈನೇ ಬ್ಯಾಡ?" ಅಂದ. ಹುಷಾರು ಹುಡುಗ.

ಅದೂ ಅಪಾಯ. ದಿಲ್ಲಿಯ ಆರ್.ಜಿ. ಆನಂದ್ ಅನ್ನೋರು 1953ರಲ್ಲಿ 'ಹಮ್ ಹಿಂದೂಸ್ತಾನಿ' ಅಂತ ನಾಟಕ ಬರೆದರು. ನಾಟಕ ಚೆನ್ನಾಗಿ ಓಡಿತು. ನಿರ್ದೇಶಕ ಮೋಹನ್ ಸೆಹಗಲ್‌ಗೆ ಪೂರ್ತಿ ಓದಿ ಹೇಳಿದರು. 1956ರಲ್ಲಿ ಸೆಹಗಲ್‌ರ 'ನ್ಯೂ ಡೆಲ್ಲಿ' ತೆರೆಗೆ ಬಂತು, ಕಿಶೋರ್ ಕುಮಾರ್, ವೈಜಯಂತಿಮಾಲಾ ಜೋಡಿ. ಇದು ನನ್ನದೇ ನಾಟಕ ಅಂತ ಆನಂದ್ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ 1978! ಆನಂದ್‌ಗೆ ಸೋಲು. ವಿಷಯ, ಎಳೆ ಯಾರ ಸ್ವತ್ತೂ ಅಲ್ಲ, ಅದನ್ನು ಬರೆದ ರೀತಿಗೆ ಮಾತ್ರ ಹಕ್ಕು, ಚಿತ್ರ ನಾಟಕದ ನಕಲಲ್ಲ ಅಂತ ತೀರ್ಪು. ಆದ್ದರಿಂದ ಟೀ ಅಂಗಡೀಲಿ ಎಳೆ ಹೇಳಿ ಬರೋದಲ್ಲ. ಮೊದಲು ಕಥೆ ಪೂರ್ತಿ ಬರೆದಿರಬೇಕು, ಆದರೆ ಎಲ್ಲಾದರೂ ಅಚ್ಚಾಗಿರಬೇಕು. ಪತ್ರಿಕೆಯಲ್ಲಿ ಬಂದ ಕಥೆಗೆ ತಾರೀಖಿನ ಸಮೇತ ಸಾಕ್ಷಿ ಇರುತ್ತೆ. ಅದಕ್ಕೇ ಇನ್ನೊಂದು ಪತ್ರಿಕೆಗೆ ಕಳಿಸು ಅಂತ ನಾನು ಬಡ್ಕೊಳ್ಳೋದು.

"ನಾಕ್ ಕಡೆ ಬ್ಯಾಡ ಅಂದ್ರಲ್ಲ ಸಾರ್..."

ನಾಲ್ಕೇ ತಾನೇ! ನಮ್ಮ ಪಕ್ಕದ ಮೈಸೂರಿನ ಆರ್.ಕೆ. ನಾರಾಯಣ್ ಗೊತ್ತಲ್ಲ, ಶಂಕರ್‌ನಾಗ್ ಟೀವಿಗೆ ತೆಗೆದ 'ಮಾಲ್ಗುಡಿ ಡೇಸ್' ಬರೆದವರು. ಅವರ ಮೊದಲ ಕಾದಂಬರಿಯ ಹಸ್ತಪ್ರತಿ ಇಂಗ್ಲೆಂಡಿನ ಪ್ರಕಾಶಕರ ಬಾಗಿಲು ತಟ್ಟಿ ತಟ್ಟಿ ವಾಪಸ್ ಬರ್ತಿತ್ತು. ಕೊನೆಗೆ ಬೇಸತ್ತು, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ ಅವರಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಅಂತ ಬರೆದರು. ಗೆಳೆಯ ಎಸೆಯಲಿಲ್ಲ. ಗ್ರಹಾಂ ಗ್ರೀನ್ ಅನ್ನೋ ಲೇಖಕರಿಗೆ ಕೊಟ್ಟರು. ಅವರು ಮೆಚ್ಚಿ ಪ್ರಕಾಶಕರನ್ನು ಹುಡುಕಿಕೊಟ್ಟರು. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಹೊರಗೆ ಬಂತು. ಮೈಸೂರಿನ ಆಸಾಮಿ ಕಪಿಲೆಯನ್ನೋ ಕಾವೇರಿಯನ್ನೋ ಬಿಟ್ಟು ಥೇಮ್ಸ್ ಹಿಡಿದದ್ದೇ ಒಳ್ಳೇದಾಯ್ತು ಅಂತ ನನ್ನ ಅನಿಸಿಕೆ. ಇಲ್ಲಾಗಿದ್ದರೆ ತಾವೇ ಹೋಗಿ ಎಸೆದು ಬರ್ತಿದ್ದರೇನೋ!

(ಅದೇ ನಾರಾಯಣ್ 'ಗೈಡ್' ಕಾದಂಬರಿಯನ್ನು ಸಿನಿಮಾಕ್ಕೆ ಕೊಟ್ಟರು. 1965ರಲ್ಲಿ ದೇವ್ ಆನಂದ್ ಚಿತ್ರ ಭರ್ಜರಿಯಾಗಿ ಬಂತು. ನಮಗೆಲ್ಲ ಹಾಡು ಕುಣಿತ ಖುಷಿಯೋ ಖುಷಿ. ಬರೆದವರಿಗೆ ಮಾತ್ರ ತಮ್ಮ ಮಾಲ್ಗುಡಿ ಅದರಲ್ಲಿ ಎಲ್ಲೂ ಕಾಣಲಿಲ್ಲವಂತೆ. ಆ ನೋವನ್ನು ಲೇಖನವಾಗಿ ಬರೆದು, ಅದನ್ನೂ ಅಚ್ಚು ಹಾಕಿಸಿದರು!)

ಸಣ್ಣಕಥೆ ಸಿನಿಮಾ ಆಗೋದಿಲ್ಲ ಅಂತೇನೂ ಇಲ್ಲ. ಪುಟ್ಟಣ್ಣ ಕಣಗಾಲರು 1976ರಲ್ಲಿ ಗಿರಡ್ಡಿ ಗೋವಿಂದರಾಜ, ವೀಣಾ, ಈಶ್ವರಚಂದ್ರ ಈ ಮೂವರ ಮೂರು ಕಥೆ ಹೊಸೆದು 'ಕಥಾಸಂಗಮ' ಮಾಡಿದರು. 'ಮುನಿತಾಯಿ' ಭಾಗದಲ್ಲಿ ಆರತಿ ಎದುರು ನಿಂತವನು, ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿದು ಬಂದಿದ್ದ ಶಿವಾಜಿರಾವ್, ಅಂದರೆ ರಜನಿಕಾಂತ್! ಹಾಸನದ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಮಾಡಿದರು, ತಾರಾಗೆ ರಾಷ್ಟ್ರಪ್ರಶಸ್ತಿ ತಂದದ್ದು ಅದೇ ಚಿತ್ರ. ಬಾನು ಶಾಲೆಯಲ್ಲಿದ್ದಾಗಿನಿಂದ ಬರೆಯುತ್ತಿದ್ದವರು. ಮೊದಲ ಕಥೆ ಪತ್ರಿಕೆಯಲ್ಲಿ ಬಂದದ್ದು ಮದುವೆಯಾದ ಮೇಲೆ. ಅವರ ಹನ್ನೆರಡು ಸಣ್ಣಕಥೆ, ದೀಪಾ ಭಾಸ್ತಿ ಅವರ ಇಂಗ್ಲಿಷಿನಲ್ಲಿ, 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಗೆದ್ದವು. ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯ ಮಲೆ ಮಹದೇಶ್ವರನ ಬೆಟ್ಟದ ಕಡೆಯ ಪೊನ್ನಾಚಿ ಊರಿನ ಸ್ವಾಮಿ ಪೊನ್ನಾಚಿ 'ಧೂಪದ ಮಕ್ಕಳು' ಕಥಾಸಂಕಲನಕ್ಕೆ 2020ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದರು. ನಮ್ಮ ಚಾಮರಾಜನಗರದ ಸೀಮೆ ಕೊಟ್ಟದ್ದು ಗಾಜನೂರಿನ ಅಣ್ಣಾವ್ರನ್ನು ಮಾತ್ರ ಅಂದುಕೊಂಡಿರೋರಿಗೆ ಇದನ್ನೂ ಹೇಳಿ.

ಆಮೇಲೆ ಅವನ ಮೊಬೈಲಿನಲ್ಲೇ ಕಥೆ ಓದಿದೆ. ಚೆನ್ನಾಗಿತ್ತು, ಸುಳ್ಳು ಹೇಳೋಲ್ಲ. ಆದರೆ ಲಾರಿ ಗೇಟಿಗೆ ಬರೋದೇ ಮೂರನೇ ಪುಟದಲ್ಲಿ. ಮೊದಲ ಎರಡು ಪುಟ ಪೂರ್ತಿ ಸೂರ್ಯಾಸ್ತ! ನಾನು ಸಂಪಾದಕನಾಗಿದ್ದರೂ ಎರಡನೇ ಸೂರ್ಯಾಸ್ತಕ್ಕೇ ಕೆಳಗಿಡ್ತಿದ್ದೆ. ಇನ್ನೊಂದು ಸಂಗತಿಯೂ ಹೊರಬಿತ್ತು. ಒಂದು ಪತ್ರಿಕೆಗೆ ಅವನು ಕಥೆಯನ್ನು ಹಳೇ ನುಡಿ ಅಕ್ಷರದಲ್ಲಿ ಹಾಗೇ ಇ-ಮೇಲಿಗೆ ಅಂಟಿಸಿ ಕಳಿಸಿದ್ದಾನೆ. ಅಲ್ಲಿ ತೆರೆದರೆ ಕನ್ನಡ ಎಲ್ಲಿ ಕಾಣುತ್ತೆ, ಇಂಗ್ಲಿಷ್ ಅಕ್ಷರ ಚಿಹ್ನೆಗಳ ಸಂತೆ! ಯುನಿಕೋಡಿಗೆ ಬದಲಾಯಿಸದೆ ಕಳಿಸಿ, ನನ್ನನ್ನು ತಿರಸ್ಕರಿಸಿದರು ಅಂತ ಮೂರು ತಿಂಗಳು ಊಟ ಬಿಟ್ಟಿದ್ದಾನೆ ಪುಣ್ಯಾತ್ಮ. ಮೊಬೈಲ್ ರಿಪೇರಿ ಮಾಡೋನು ಬೇರೆ!

"ಉತ್ರನೇ ಬರ್ದೆ ಇರೋದು ಜಾಸ್ತಿ ನೋವು ಸಾರ್" ಅಂದ. ನಿಜ. ನಮಗೆ ಚೀಟಿಯಾದರೂ ಬರ್ತಿತ್ತು, ಬೈಕೊಂಡು ಒಂದು ರಾತ್ರಿ ಕಳೆದು ಬೆಳಿಗ್ಗೆ ಇನ್ನೊಂದು ಲಕೋಟೆ ತರ್ತಿದ್ದೆವು. ಇವನಿಗೆ ಬೈಯೋಕೂ ಏನೂ ಕೈಗೆ ಸಿಕ್ಕಿಲ್ಲ. ಅದಕ್ಕೆ ನನ್ನ ಹತ್ತಿರ ಒಳ್ಳೆ ಔಷಧಿ ಇಲ್ಲ. ಮೂರು ತಿಂಗಳು ಕಾಯಿ, ಒಂದು ಸಾಲು ಬರೆದು ವಿಚಾರಿಸು, ಆಮೇಲೆ ಬೇರೆ ಕಡೆ ಕಳಿಸು, ಒಂದೇ ಕಥೆ ಏಕಕಾಲಕ್ಕೆ ಇಬ್ಬರಿಗೆ ಬೇಡ ಅಂದೆ. ಅಷ್ಟರಲ್ಲಿ ಕಂಡಕ್ಟರ್ "ತೆರಕಣಾಂಬಿ ಇಳೀರಿ" ಅಂತ ಕೂಗಿದ. ಹುಡುಗ ಹಾಳೆ ಜೇಬಿಗಿಟ್ಟುಕೊಂಡು ಇಳಿದ. ಸಹಿ ಹಾಕ್ತಾನೋ ಇಲ್ಲವೋ, ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಐದು ಸಾವಿರ ಅಂದರೆ ಅವನಿಗೆ ಅರ್ಧ ತಿಂಗಳ ಸಂಬಳವಂತೆ.

ಮೊನ್ನೆ ಸಂದೇಶ ಕಳಿಸಿದ್ದಾನೆ: "ಸಾರ್, ಕನ್ನಡ ಸಿನಿಮಾಗೆ ಮಾತ್ರ, ಐದು ವರ್ಷ, ನನ್ನ ಹೆಸರು ಹಾಕ್ಬೇಕು ಅಂತ ಬರಿಸಿ ವಾಪಸ್ ಕಳಿಸ್ದೆ. ಅವ್ರು ಫೋನ್ ಎತ್ತುತ್ತಿಲ್ಲ. ಸೂರ್ಯಾಸ್ತ ತೆಗೆದು ಇನ್ನೊಂದು ಪತ್ರಿಕೆಗೆ ಹಾಕಿದ್ದೀನಿ. ಒಂದು ಸೂರ್ಯಾಸ್ತ ಮಾತ್ರ ಇಟ್ಕೊಂಡಿದ್ದೀನಿ ಸಾರ್, ಬೇಜಾರು ಮಾಡ್ಕೋಬೇಡಿ."